ಫಾರ್ಮ್ಯಾಟ್ ಮಾಡಿಸುವ ಮುಂಚೆ ಕ್ವಾರಂಟೈನ್ ನೋಡಿ

ಮಾನ್ಯ ಸಂಪಾದಕರೇ,

ವಿರಾಜಪೇಟೆ ಕಡೆಯ ಓದುಗರೊಬ್ಬರು ಇದೇ ಅಂಕಣದಲ್ಲಿ ಆಂಟಿವೈರಸ್ ಮೇಲೆ ಹರಿಹಾಯ್ದಿದ್ದನ್ನು ಓದಿದೆ. ಅದರ ಅಪ್‌ಡೇಟ್ ಆದ ಮೇಲೆ ಅವರ ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂ ತೆರೆಯಲಿಲ್ಲವಂತೆ. ರಿಪೇರಿಯವರು ಫಾರ್ಮ್ಯಾಟ್ ಮಾಡಿದರು, ಹಳೇ ಲೆಕ್ಕವೆಲ್ಲ ಹೋಯಿತು. ಹಾಗಾಗಿ ಆಂಟಿವೈರಸ್ ಅನ್ನೋದೇ ಮೋಸ, ಯಾರೂ ಹಾಕಿಸಬೇಡಿ ಅಂತ ಅವರ ಸಲಹೆ. ಅವರ ಸಿಟ್ಟು ಸರಿ. ಸಲಹೆ ಮಾತ್ರ ಸರಿಯಿಲ್ಲ. ಅವರ ಲೆಕ್ಕ ಅಳಿಸಿದ್ದು ಆಂಟಿವೈರಸ್ ಅಲ್ಲ, ಫಾರ್ಮ್ಯಾಟ್.

ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ), ಕುಯ್ಲಿನ ತೂಕ, ಬಟವಾಡೆ, ಪಿಎಫ್ ಎಲ್ಲ ನನ್ನ ಮೇಜಿನಿಂದಲೇ ಹೋಗಬೇಕು. ಕಂಪ್ಯೂಟರ್ ಓದಿದವನಲ್ಲ. ಆದರೆ ಇದೇ ತೊಂದರೆ ನಮ್ಮ ಆಫೀಸಿಗೂ ಬಂದಿತ್ತು, ಅದೂ ರೊಬಸ್ಟಾ ಕುಯ್ಲು ಜೋರಾಗಿದ್ದಾಗ, ಬಟವಾಡೆಯ ಶನಿವಾರ. ಚೆಕ್‌ರೋಲ್ ಪ್ರೋಗ್ರಾಂನ ಐಕಾನ್ ಬೆಳಿಗ್ಗೆ ಬಿಳಿ ಕಾಗದದ ಹಾಗೆ ಕಂಡಿತು. ಒತ್ತಿದರೆ ‘ವಿಂಡೋಸ್ ಕೆನಾಟ್ ಆ್ಯಕ್ಸೆಸ್’ ಅಂತ ಒಂದು ಪೆಟ್ಟಿಗೆ, ಅನುಮತಿ ಇಲ್ಲದಿರಬಹುದು ಅಂತ ಅದರ ಕೆಳಗೆ ಒಂದು ಸಾಲು. ನನ್ನದೇ ಕಂಪ್ಯೂಟರ್, ನನಗೇ ಅನುಮತಿ ಇಲ್ಲ! ರಿಪೇರಿ ಹುಡುಗನಿಗೆ ಫೋನ್ ಮಾಡಿದೆ. ‘ಅಣ್ಣ, ವಿಂಡೋಸ್ ಹೋಗಿದೆ. ಫಾರ್ಮ್ಯಾಟ್ ಮಾಡ್ಬೇಕು. ಡೇಟಾಗೆ ಗ್ಯಾರಂಟಿ ಇಲ್ಲ’ ಅಂದ. ಕಂಪ್ಯೂಟರನ್ನು ಕಣ್ಣಲ್ಲೂ ನೋಡಿರಲಿಲ್ಲ, ಫೋನಲ್ಲೇ ತೀರ್ಪು.

ಬೇಡ ಅಂದೆ. ಮೇಸ್ತ್ರಿಯ ಪುಸ್ತಕ ತರಿಸಿ ಕೈಯಲ್ಲೇ ಲೆಕ್ಕ ಹಾಕಿ ಬಟವಾಡೆ ಮುಗಿಸಿದೆ. ಆಮೇಲೆ ಗಡಿಯಾರದ ಪಕ್ಕದ ಆಂಟಿವೈರಸ್ ಗುರುತನ್ನು ಒತ್ತಿ ಒಳಗೆ ಹೋದೆ. ಅನುಮಾನ ಬಂದ ಫೈಲುಗಳನ್ನು ಬೀಗ ಹಾಕಿ ಇಡುವ ಕ್ವಾರಂಟೈನ್ ಅನ್ನುವ ಪಟ್ಟಿಯಲ್ಲಿ ನಮ್ಮ ಚೆಕ್‌ರೋಲ್ ಫೈಲ್ ಹಾಯಾಗಿ ಕೂತಿತ್ತು. ಹಿಡಿದ ಹೊತ್ತು ಅದೇ ದಿನ ಬೆಳಿಗ್ಗೆ, ಅಪ್‌ಡೇಟ್ ಇಳಿದ ಸ್ವಲ್ಪ ಹೊತ್ತಿಗೆ. ಕೂಲಿ ಲೆಕ್ಕದ ಡೇಟಾ ಫೈಲಿಗೆ ಏನೂ ಆಗಿರಲಿಲ್ಲ. ಡಿ ಡ್ರೈವ್‌ನಲ್ಲಿ ಇದ್ದ ಜಾಗದಲ್ಲೇ ಇತ್ತು.

ಯಾಕೆ ಹೀಗಾಗುತ್ತದೆ ಅನ್ನುವುದು ತಿಳಿದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಅಪ್‌ಡೇಟ್ ಅಂದರೆ ಮುಖ್ಯವಾಗಿ ಹೊಸ ವೈರಸ್‌ಗಳ ಗುರುತುಗಳ ಪಟ್ಟಿ. ದಿನಕ್ಕೆ ಹಲವು ಸಲ ಬರುತ್ತದೆ. ಅದರಲ್ಲಿನ ಯಾವುದೋ ಗುರುತು ಒಳ್ಳೆಯ ಫೈಲಿಗೂ ತಾಳೆಯಾದರೆ ಅದನ್ನೂ ಎತ್ತಿ ಒಳಗೆ ಹಾಕುತ್ತದೆ. ಜತೆಗೆ ಈಗಿನ ಆಂಟಿವೈರಸ್‌ಗಳು ಇನ್ನೂ ಎರಡು ನೋಡುತ್ತವೆ: ಫೈಲಿಗೆ ಕಂಪನಿಯ ಡಿಜಿಟಲ್ ಸಹಿ ಇದೆಯಾ, ಜಗತ್ತಿನಲ್ಲಿ ಎಷ್ಟು ಕಂಪ್ಯೂಟರ್‌ಗಳಲ್ಲಿ ಇದು ಓಡುತ್ತಿದೆ. ನಮ್ಮ ಪ್ರೋಗ್ರಾಂ ಕುಶಾಲನಗರದ ಒಬ್ಬ ಹುಡುಗ ಕಾಲೇಜು ಮುಗಿಸಿದ ಹೊಸದರಲ್ಲಿ ಬರೆದುಕೊಟ್ಟದ್ದು. ಸಹಿಯ ಸರ್ಟಿಫಿಕೇಟಿಗೆ ದುಡ್ಡು ಕಟ್ಟುತ್ತಲೇ ಇರಬೇಕು, ಅವನು ಯಾಕೆ ಕಟ್ಟುತ್ತಾನೆ? ಇರುವುದು ಅಕ್ಕಪಕ್ಕದ ಕೆಲವು ತೋಟಗಳಲ್ಲಿ ಮಾತ್ರ. ಗೇಟಿಗೆ ಹೊಸ ವಾಚ್‌ಮನ್ ಬಂದರೆ ದೊಡ್ಡ ಕಂಪನಿಯ ಜೀಪನ್ನು ಸೆಲ್ಯೂಟ್ ಹೊಡೆದು ಒಳಗೆ ಬಿಡುತ್ತಾನೆ, ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವನನ್ನು ತಡೆಯುತ್ತಾನೆ. ಅಷ್ಟೇ ವಿಷಯ.

ಕನ್ನಡ ಟೈಪಿಂಗ್‌ನವರಿಗೂ ಇದು ತಿಳಿದಿರಬೇಕು. ನುಡಿ, ಬರಹದಂಥ ತಂತ್ರಾಂಶ ನಾವು ಒತ್ತುವ ಕೀಲಿಗಳನ್ನು ಗಮನಿಸಿಯೇ ಕನ್ನಡ ಅಕ್ಷರ ಮೂಡಿಸಬೇಕು. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳೂ ಕೀಲಿಗಳನ್ನೇ ಗಮನಿಸುತ್ತವೆ. ಆಂಟಿವೈರಸ್‌ಗೆ ಒಮ್ಮೊಮ್ಮೆ ಅನುಮಾನ ಬಂದರೆ ಆಶ್ಚರ್ಯವಿಲ್ಲ.

ನಮ್ಮಂಥವರ ಸಣ್ಣ ಪ್ರೋಗ್ರಾಂ ಹೋಗಲಿ, ವಿಂಡೋಸನ್ನೇ ಹಿಡಿದ ಉದಾಹರಣೆ ಇದೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಆಂಟಿವೈರಸ್‌ನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿ ಓಡಲು ಬೇಕೇಬೇಕಾದ ‘ಎಸ್‌ವಿಸಿಹೋಸ್ಟ್’ ಫೈಲನ್ನೇ ವೈರಸ್ ಅಂತ ತಿಳಿಯಿತು. ಕಂಪ್ಯೂಟರ್‌ಗಳು ಆಫ್ ಆಗಿ ಆನ್ ಆಗುತ್ತಲೇ ಇದ್ದವು. 2023ರ ಜನವರಿ 13ರಂದು ಮೈಕ್ರೋಸಾಫ್ಟ್‌ನ ಸ್ವಂತ ಆಂಟಿವೈರಸ್ ಡಿಫೆಂಡರ್, ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಸ್ಟಾರ್ಟ್ ಮೆನು, ಟಾಸ್ಕ್‌ಬಾರ್‌ನ ಶಾರ್ಟ್‌ಕಟ್‌ಗಳನ್ನು ಅಳಿಸಿತು. ಪ್ರೋಗ್ರಾಂಗಳು ಒಳಗೇ ಇದ್ದವು, ಬಾಗಿಲು ಮಾತ್ರ ಮಾಯ. 2024ರ ಜುಲೈ 19ರದ್ದಂತೂ ಎಲ್ಲರಿಗೂ ಗೊತ್ತು. ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಲ್ಲಿ ಬರೆದುಕೊಟ್ಟರು. ಅದಕ್ಕೆ ಮದ್ದು ಏನಿತ್ತು ಗೊತ್ತಾ? ವಿಂಡೋಸ್ ಬೇಕಾದಷ್ಟು ಭಾಗ ಮಾತ್ರ ತೆರೆಯುವ ಸೇಫ್ ಮೋಡ್‌ಗೆ ಹೋಗಿ ಒಂದೇ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಅಲ್ಲ.

ಈಗ ಕೆಲಸಕ್ಕೆ ಬರುವ ಮಾತು. ಪ್ರೋಗ್ರಾಂ ತೆರೆಯದಿದ್ದರೆ ಮೊದಲು ಕಂಪ್ಯೂಟರನ್ನು ರಿಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ. ವಿಂಡೋಸ್ 10, 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಇರುವ ಕಡೆ ಶಟ್‌ಡೌನ್ ಮಾಡಿದರೂ ಒಳಗಿನ ಅರ್ಧ ಸ್ಥಿತಿ ಹಾಗೇ ಉಳಿಯುತ್ತದೆ, ರಿಸ್ಟಾರ್ಟ್‌ನಲ್ಲಿ ಮಾತ್ರ ಪೂರ್ತಿ ಹೊಸದಾಗಿ ಶುರುವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಕ್ಕಾಗಲ್ಲ. ಅಪ್‌ಡೇಟ್ ಅರ್ಧಕ್ಕೆ ನಿಂತರೆ ಆಂಟಿವೈರಸ್‌ನ ಒಂದು ಭಾಗ ಹೊಸದು, ಇನ್ನೊಂದು ಹಳೇದು ಆಗಿ ಎಲ್ಲ ಪ್ರೋಗ್ರಾಂಗಳನ್ನೂ ಹಿಡಿದು ನಿಲ್ಲಿಸಬಹುದು. ಕರೆಂಟ್, ನೆಟ್ ಎರಡೂ ಸರಿಯಿದ್ದಾಗ ರಿಸ್ಟಾರ್ಟ್ ಮಾಡಿ ಅಪ್‌ಡೇಟನ್ನು ಇನ್ನೊಮ್ಮೆ ಕೊಡಿ.

ಅದಕ್ಕೂ ಬಗ್ಗದಿದ್ದರೆ ಕ್ವಾರಂಟೈನ್ ನೋಡಿ. ವಿಂಡೋಸ್ ಜತೆಗೇ ಬರುವ ಡಿಫೆಂಡರ್ ಆದರೆ ವಿಂಡೋಸ್ ಸೆಕ್ಯುರಿಟಿ ತೆರೆದು ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಬೇಕು. ಯಾವ ಫೈಲನ್ನು ಯಾವಾಗ ಹಿಡಿಯಿತು, ಯಾಕೆ ಹಿಡಿಯಿತು ಎಲ್ಲ ಅಲ್ಲಿರುತ್ತದೆ. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಇಲ್ಲಿ ಅವಸರ ಬೇಡ. ಫೈಲನ್ನು ವಾಪಸ್ ತರುವ ರಿಸ್ಟೋರ್ ಬಟನ್ ಕಂಡ ತಕ್ಷಣ ಒತ್ತುವವರಿದ್ದಾರೆ. ನಿಜವಾದ ವೈರಸ್ ಕೂಡ ಒಳ್ಳೆಯ ಪ್ರೋಗ್ರಾಂ ಫೈಲಿಗೇ ಅಂಟಿಕೊಂಡಿರಬಹುದು ಅಲ್ವಾ? ಪ್ರೋಗ್ರಾಂನ ಮೂಲ ಸೆಟಪ್ ಫೈಲ್ ಪೆನ್‌ಡ್ರೈವಲ್ಲೋ ಸಿಡಿಯಲ್ಲೋ ಇದ್ದರೆ ಅದನ್ನು ವೈರಸ್‌ಟೋಟಲ್ ಅನ್ನುವ ಜಾಲತಾಣಕ್ಕೆ ಹಾಕಿ. ಎಪ್ಪತ್ತರ ಆಸುಪಾಸು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಒಂದೋ ಎರಡೋ ಮಾತ್ರ ಬೇಡ ಅಂದರೆ ಸುಳ್ಳು ಎಚ್ಚರಿಕೆ ಇರುವ ಸಾಧ್ಯತೆ ಜಾಸ್ತಿ. ಇಪ್ಪತ್ತು ಮೂವತ್ತು ಬೇಡ ಅಂದರೆ ಆ ಪ್ರೋಗ್ರಾಂ ಕೊಟ್ಟವನನ್ನು ಕೇಳಿ. ಒಂದು ಎಚ್ಚರ: ಕೂಲಿಯವರ ಆಧಾರ್, ಬ್ಯಾಂಕ್ ಖಾತೆ ಇರುವ ಲೆಕ್ಕದ ಫೈಲನ್ನು ಅಲ್ಲಿಗೆ ಹಾಕಲೇಬಾರದು. ಹಾಕಿದ್ದನ್ನು ಬೇರೆಯವರೂ ನೋಡಬಹುದು.

ಒಳ್ಳೆಯದು ಅಂತ ಖಾತ್ರಿಯಾದರೆ ಮೊದಲು, ಇದನ್ನು ತಪಾಸಣೆ ಮಾಡಬೇಡ ಅಂತ ಹೇಳುವ ಎಕ್ಸ್‌ಕ್ಲೂಷನ್ ಪಟ್ಟಿಗೆ ಆ ಫೈಲನ್ನು ಸೇರಿಸಿ, ಆಮೇಲೆ ಅದೇ ಸೆಟಪ್‌ನಿಂದ ಪ್ರೋಗ್ರಾಂ ಮತ್ತೆ ಹಾಕಿ; ಸೆಟಪ್ ಇಲ್ಲದಿದ್ದರೆ ಪ್ರೋಗ್ರಾಂ ಕೊಟ್ಟವನನ್ನು ಕೇಳಿಯೇ ರಿಸ್ಟೋರ್ ಕೊಡಿ. ಉಲ್ಟಾ ಮಾಡಿದರೆ ಹೊರಗೆ ಬಂದ ಕೂಡಲೇ ಮತ್ತೆ ಹಿಡಿಯಬಹುದು. ಸೇರಿಸುವುದು ಆ ಒಂದು ಫೈಲನ್ನು ಮಾತ್ರ. ಕೆಲವು ರಿಪೇರಿಯವರು ಇಡೀ ಸಿ ಡ್ರೈವನ್ನೇ ಸೇರಿಸಿ ಹೋಗುತ್ತಾರೆ. ಹಾಗೆ ಮಾಡಿದ ಮೇಲೆ ಆಂಟಿವೈರಸ್ ಇದ್ದೂ ಒಂದೇ, ಇಲ್ಲದಿದ್ದರೂ ಒಂದೇ. ಜತೆಗೆ ಆಂಟಿವೈರಸ್ ಕಂಪನಿಗೆ ‘ಫಾಲ್ಸ್ ಪಾಸಿಟಿವ್’ ಅಂತ ದೂರು ಕಳಿಸಿ. ಅವರ ಜಾಲತಾಣದಲ್ಲೇ ಅದಕ್ಕೆ ಅರ್ಜಿ ಇರುತ್ತದೆ, ದುಡ್ಡಿಲ್ಲ. ನಮ್ಮದು ಹಾಗೆಯೇ ಮುಂದಿನ ಯಾವುದೋ ಅಪ್‌ಡೇಟಲ್ಲಿ ಸರಿಯಾಯಿತು.

ಕ್ವಾರಂಟೈನ್ ಖಾಲಿ ಇದ್ದರೆ? ಆಗ ಎರಡು ಆಂಟಿವೈರಸ್ ಒಟ್ಟಿಗೆ ಓಡುತ್ತಿವೆಯಾ ನೋಡಿ. ಕಂಪ್ಯೂಟರ್ ಜತೆ ಬಂದ ಮೂರು ತಿಂಗಳಿನದು ಒಂದು, ಅಂಗಡಿಯವರು ಹಾಕಿದ್ದು ಇನ್ನೊಂದು. ಬೇರೆ ಆಂಟಿವೈರಸ್ ಬಂದರೆ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ, ಉಳಿದವು ಸಾಮಾನ್ಯವಾಗಿ ಸರಿಯುವುದಿಲ್ಲ. ಒಂದೇ ಫೈಲನ್ನು ಇಬ್ಬರೂ ತಪಾಸಣೆಗೆ ಎಳೆದಾಡಿ ಪ್ರೋಗ್ರಾಂ ಅಲ್ಲೇ ನಿಲ್ಲಬಹುದು. ಒಂದನ್ನು ತೆಗೆಯಿರಿ. ಸುಮ್ನೆ ಫೋಲ್ಡರ್ ಡಿಲೀಟ್ ಮಾಡಿದರೆ ಹೋಗುವುದಿಲ್ಲ, ಅನ್‌ಇನ್‌ಸ್ಟಾಲ್ ಮಾಡಬೇಕು; ಅದಕ್ಕೂ ಪೂರ್ತಿ ಹೋಗದಿದ್ದರೆ ಅದೇ ಕಂಪನಿ ಕೊಡುವ ರಿಮೂವಲ್ ಟೂಲ್ ಇದ್ದರೆ ಹಾಕಿ ತೆಗೆಯಬೇಕು. ಪ್ರೋಗ್ರಾಂ ತೆರೆದು ಸೇವ್ ಮಾತ್ರ ಆಗದಿದ್ದರೆ ಗೊತ್ತಿಲ್ಲದ ಪ್ರೋಗ್ರಾಂಗಳು ಮುಖ್ಯ ಫೋಲ್ಡರ್‌ಗಳಲ್ಲಿ ಬರೆಯದಂತೆ ತಡೆಯುವ ಡಿಫೆಂಡರ್‌ನ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಆಗಿದೆಯಾ ನೋಡಿ, ಅದರೊಳಗೆ ನಿಮ್ಮ ಪ್ರೋಗ್ರಾಂಗೆ ಒಪ್ಪಿಗೆ ಕೊಡಿ. ಇನ್ನು ಆಂಟಿವೈರಸ್ಸೇ ತೆರೆಯುತ್ತಿಲ್ಲ, ಅದರ ಅಪ್‌ಡೇಟೂ ಇಳಿಯುತ್ತಿಲ್ಲ ಅಂತಾದರೆ ಅದು ಬೇರೆ ಕಥೆ. ನಿಜವಾದ ವೈರಸ್ ಒಳಗೆ ಕೂತಿರಬಹುದು. ನೆಟ್ ತೆಗೆದು ತಿಳಿದವರಿಗೆ ತೋರಿಸಿ.

ಆಂಟಿವೈರಸ್ ಮಾರುವವರಿಗೂ ಒಂದು ಮಾತಿದೆ. ಫೈಲ್ ಹಿಡಿದಾಗ ಮೂಲೆಯಲ್ಲಿ ಒಂದು ಇಂಗ್ಲಿಷ್ ಚೀಟಿ ಬರುತ್ತದೆ, ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಹೋಗುತ್ತದೆ. ಕರ್ನಾಟಕದಲ್ಲಿ ಮಾರುವ ಡಬ್ಬಕ್ಕೆ ಕನ್ನಡದಲ್ಲಿ ‘ಈ ಫೈಲನ್ನು ತಡೆದಿದ್ದೇವೆ, ಬೇಕಿದ್ದರೆ ಇಲ್ಲಿ ನೋಡಿ’ ಅಂತ ನಿಲ್ಲುವ ಒಂದು ಸಾಲು ಹಾಕಲು ಏನು ಕಷ್ಟ?

ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆಯ ರಿಪೇರಿ ಅಂಗಡಿಯವರಲ್ಲಿ ನನ್ನ ಕೇಳಿಕೆ ಇಷ್ಟೇ. ಫಾರ್ಮ್ಯಾಟ್ ಮಾಡುವ ಮುಂಚೆ ಡೇಟಾವನ್ನು ಬೇರೆ ಡಿಸ್ಕಿಗೆ ತೆಗೆಯಿರಿ. ಕ್ವಾರಂಟೈನ್‌ನಲ್ಲಿ ಏನು ಸಿಕ್ಕಿತು ಅಂತ ಬಿಲ್ಲಿನ ಹಿಂದೆ ಒಂದು ಸಾಲು ಬರೆದುಕೊಡಿ. ಆ ಸಾಲಿಗೆ ಬೇಕಾದರೆ ಐವತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳಿ, ಕೊಡುತ್ತೇವೆ.

ಹೆಸರು ಹಾಕಬೇಡಿ. ನಮ್ಮ ಸಾಹುಕಾರರು ನಿಮ್ಮ ಪತ್ರಿಕೆ ತಪ್ಪದೆ ಓದುತ್ತಾರೆ.

– ತೋಟದ ರೈಟರ್, ಸಿದ್ದಾಪುರ, ಕೊಡಗು