ವಂಶಾವಳಿಯಲ್ಲಿ ಹೆಂಗಸರಿಗೂ ಹೆಸರಿರಲಿ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಮನೆತನದ ವಂಶಾವಳಿಯನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸುವ ಉತ್ಸಾಹ ಸಂತೋಷದ ಸಂಗತಿಯೇ. ಆದರೆ ನಾನು ಕಂಡ ಪುಸ್ತಿಕೆಗಳಲ್ಲಿ ಗಂಡಸರ ಹೆಸರುಗಳು ಏಳೆಂಟು ತಲೆಮಾರು ಸಾಲಾಗಿ ನಿಂತಿದ್ದರೆ, ಹೆಂಡತಿಯ ಜಾಗದಲ್ಲಿ ಒಂದು ಗೆರೆ, ಹೆಣ್ಣುಮಕ್ಕಳ ಜಾಗದಲ್ಲಿ ‘ಹೆಣ್ಣು 3’ ಎಂಬಂಥ ಲೆಕ್ಕ ಮಾತ್ರ ಇದೆ. ಕೇಳಿದರೆ, ಆ ಕಾಲದ ಹೆಂಗಸರ ವಿವರ ಈಗ ಎಲ್ಲಿ ಸಿಗುತ್ತದೆ ಎನ್ನುತ್ತಾರೆ.

ನನ್ನ ತಂಗಿಯ ಸೊಸೆ ಅಮೆರಿಕದ ಓಹಿಯೋ ರಾಜ್ಯದ ಒಕ್ಕಲು ಮನೆತನದವಳು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಯಲ್ಲೇ ಬಾಳಿ ಮುಗಿಸಿದ ತನ್ನ ಪೂರ್ವಜೆಯೊಬ್ಬಳ ತವರನ್ನು ಅವಳು ಹುಡುಕುತ್ತಿರುವ ಕ್ರಮ ನೋಡಿದಾಗ, ಅಲ್ಲಿಯೂ ಇದು ಸಲೀಸಲ್ಲ ಎಂದು ತಿಳಿಯಿತು. 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದರೂ 1840ರವರೆಗೆ ಬರೆದದ್ದು ಮನೆಯ ಯಜಮಾನನ ಹೆಸರನ್ನಷ್ಟೇ. ಸ್ವತಂತ್ರರಾದ ಎಲ್ಲರ ಹೆಸರು, ವಯಸ್ಸು, ಹುಟ್ಟಿದ ಸೀಮೆ ದಾಖಲಾದದ್ದು 1850ರಲ್ಲಿ. ಗುಲಾಮರಿಗೆ ಆಗಲೂ ಹೆಸರಿನ ಭಾಗ್ಯವಿರಲಿಲ್ಲ. ಯಜಮಾನನಿಗೆ ಏನಾಗಬೇಕು ಎಂಬ ಕಾಲಂ ಬಂದದ್ದು 1880ರಲ್ಲಿ. 1890ರ ಹಾಳೆಗಳು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಯಿಂದಾಗಿ ಬಹುಪಾಲು ಹಾಳಾದವು. 1900ರ ಗಣತಿಯಲ್ಲಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ತಾಯಂದಿರನ್ನು ಕೇಳಿ ಬರೆದುಕೊಂಡಿದ್ದಾರೆ. ಆ ಎರಡು ಅಂಕಿಗಳ ನಡುವಿನ ಅಂತರವನ್ನು ಓದುವುದು ಕಷ್ಟ.

ಮದುವೆಯೊಡನೆ ಅಡ್ಡಹೆಸರು ಬದಲಾಗುವುದರಿಂದ ತವರಿನ ಎಳೆ ಅಲ್ಲಿಗೇ ಕಡಿಯುತ್ತದೆ. ಹಾಗಾಗಿ ಹುಡುಕುವವರು ತಂದೆಯ ಉಯಿಲು, ಅಣ್ಣತಮ್ಮಂದಿರ ಜಮೀನು ಪತ್ರ, ಅಕ್ಕಪಕ್ಕದ ಮನೆಗಳ ವಿವರಗಳನ್ನೂ ಜಾಲಾಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ಅಂತರ್ಯುದ್ಧದಲ್ಲಿ ಮಡಿದ ಸೈನಿಕರ ವಿಧವೆಯರ ಪಿಂಚಣಿ ಕಡತ. ಮದುವೆಯಾದದ್ದನ್ನೂ ಮಕ್ಕಳು ಹುಟ್ಟಿದ್ದನ್ನೂ ಸಾಬೀತುಪಡಿಸದೆ ಪಿಂಚಣಿ ಸಿಗುತ್ತಿರಲಿಲ್ಲವಾದ್ದರಿಂದ, ಎಷ್ಟೋ ಹೆಂಗಸರು ಮನೆಯ ಬೈಬಲ್ಲಿನಲ್ಲಿ ಜನನ, ವಿವಾಹ ಬರೆದಿಟ್ಟಿದ್ದ ಪುಟವನ್ನೇ ಹರಿದು ಅರ್ಜಿಗೆ ಲಗತ್ತಿಸಿ ಕಳಿಸಿದರು. ಆ ಪುಟಗಳು ಅಲ್ಲಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇಂದಿಗೂ ಇವೆ.

ನಮ್ಮಲ್ಲಿ ಅಂಥ ಗಣತಿಯ ಹಾಳೆ ಸಿಗುವಂತಿಲ್ಲ. ಮನೆವಾರು ವಿವರ ಯಾರಿಗೂ ತೋರಿಸಬಾರದೆಂದು 1948ರ ಜನಗಣತಿ ಕಾಯ್ದೆಯೇ ಹೇಳುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದ್ದರಿಂದ ಹಳೆಯ ಸರ್ಕಾರಿ ಕಾಗದ ಬೇಕೆಂದವರು ಎರಡೂ ಕಡೆ ಅಲೆಯಬೇಕು. ಆದರೆ ಮಾಳಿಗೆಯ ಪೆಟ್ಟಿಗೆಯಲ್ಲಿ ಹೊಗೆ ಹಿಡಿದು ಬಿದ್ದಿರುವ ಜಾತಕ, ಲಗ್ನಪತ್ರಿಕೆ, ಪಾಲುಪಟ್ಟಿಗಳನ್ನು ಬಿಚ್ಚಿ ನೋಡಿದವರೆಷ್ಟು? ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಮೂವರನ್ನೂ ಹೆಸರು ಹಿಡಿದೇ ಕರೆಯಬೇಕಾದ್ದರಿಂದ ಅವು ಮನೆಯವರಿಗೆ ಗೊತ್ತಿರುತ್ತವೆ. ಬರೆದಿಡದಿದ್ದರೆ ಮುಂದಿನ ತಲೆಮಾರಿನಲ್ಲಿ ಮುತ್ತಜ್ಜಿಯ ಹೆಸರು ಬಿಟ್ಟುಹೋಗುತ್ತದೆ. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ವಧುವಿನ ಹೆಸರನ್ನೇ ಬದಲಿಸುತ್ತಿದ್ದರಾದ್ದರಿಂದ ಎರಡೂ ಹೆಸರನ್ನು, ಜೊತೆಗೆ ತವರಿನ ಊರನ್ನು ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಎಂಬತ್ತು ದಾಟಿದ ಅಜ್ಜಿಯಂದಿರು ಇಂಥದ್ದನ್ನು ಹೇಳುವಷ್ಟು ಖಚಿತವಾಗಿ ಯಾವ ದಫ್ತರವೂ ಹೇಳಲಾರದು.

ತಹಶೀಲ್ದಾರ್ ಕಚೇರಿಗಳ ಹಳೆಯ ದಾಖಲೆಗಳನ್ನು ಭೂಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಮಾಡಲಾಗುತ್ತಿದೆ. ಅದೇ ರೀತಿ ಹಳ್ಳಿಗಳ ಹಳೆಯ ಜನನ, ಮರಣ ರಿಜಿಸ್ಟರುಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನೂ ಗೆದ್ದಲಿನ ಪಾಲಾಗುವ ಮೊದಲು ಸ್ಕ್ಯಾನ್ ಮಾಡಿಸಿ, ಕುಟುಂಬದವರು ಕೇಳಿದಾಗ ನೋಡಲು ಸಿಗುವಂತೆ ಕಾರವಾರದ ಜಿಲ್ಲಾಡಳಿತ ವ್ಯವಸ್ಥೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಓರ್ವ ಓದುಗ, ಶಿರಸಿ