ರಾಜ್ಯಸಭೆಗೆ ನಾವೇಕೆ ಮತ ಹಾಕುವುದಿಲ್ಲ?

ಮಾನ್ಯರೇ,

ರಾಜ್ಯಸಭೆ ಚುನಾವಣೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ, 'ನಮಗ್ಯಾಕೆ ಓಟು ಇಲ್ಲ?' ಪ್ರಶ್ನೆ ಸರಿಯಾಗಿಯೇ ಇದೆ. ಲೋಕಸಭೆಯ 543 ಸದಸ್ಯರನ್ನು ನಾವೇ ನೇರವಾಗಿ ಆರಿಸುತ್ತೇವೆ. ರಾಜ್ಯಸಭೆಯ 245 ಸ್ಥಾನಗಳಲ್ಲಿ 12 ಮಂದಿಯನ್ನು ರಾಷ್ಟ್ರಪತಿಗಳು ನಾಮನಿರ್ದೇಶನ ಮಾಡುತ್ತಾರೆ. ಉಳಿದ 233 ಮಂದಿಯನ್ನು ಆರಿಸುವವರು ಶಾಸಕರು.

ಅದರ ಲೆಕ್ಕ ಸ್ವಲ್ಪ ಮಜವಾಗಿದೆ. ಕರ್ನಾಟಕದಲ್ಲಿ 224 ಶಾಸಕರಿದ್ದಾರೆ. ನಾಲ್ಕು ಸ್ಥಾನ ಖಾಲಿಯಾದರೆ, ಅದಕ್ಕೆ ಒಂದು ಸೇರಿಸಿ, 224ನ್ನು ಐದರಿಂದ ಭಾಗಿಸಬೇಕು; ಬರುವುದು 44.8. ಶಾಸಕರು ಅಭ್ಯರ್ಥಿಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ 1, 2 ಎಂದು ಗುರುತಿಸುತ್ತಾರೆ. ಹಾಗಾಗಿ 45 ಶಾಸಕರು ಮೊದಲ ಪ್ರಾಶಸ್ತ್ಯದ ಮತ ಕೊಟ್ಟರೆ ಅಭ್ಯರ್ಥಿ ಗೆದ್ದಂತೆ. ಹೆಚ್ಚಾದ ಮತ ಎರಡನೇ ಪ್ರಾಶಸ್ತ್ಯದವರಿಗೆ ಹೋಗುತ್ತದೆ. ಶಾಸಕರನ್ನು ರೆಸಾರ್ಟಿಗೆ ಕರೆದೊಯ್ಯುವುದು ಸುಮ್ನೆ ಅಲ್ಲ, ಅಲ್ವಾ?

ಈ ಸಭೆ ಎಂದೂ ವಿಸರ್ಜನೆಯಾಗುವುದಿಲ್ಲ. ಸದಸ್ಯರಿಗೆ ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ತೆರಿಗೆ, ಸರ್ಕಾರದ ಖರ್ಚಿನಂಥ ವಿಷಯಗಳ ಹಣ ಮಸೂದೆಯಲ್ಲಿ ಅದಕ್ಕೆ ಶಕ್ತಿ ಕಡಿಮೆ. 14 ದಿನದೊಳಗೆ ವಾಪಸ್ ಕಳಿಸಬೇಕು, ತಡೆಯುವಂತಿಲ್ಲ.

ನನ್ನ ತಕರಾರು ಒಂದೇ. 2003ರ ತಿದ್ದುಪಡಿಯ ನಂತರ ಅಭ್ಯರ್ಥಿ ಆ ರಾಜ್ಯದ ಮತದಾರರೇ ಆಗಿರಬೇಕೆಂಬ ಷರತ್ತು ಹೋಯಿತು. ದೇಶದ ಯಾವ ಕ್ಷೇತ್ರದ ಮತದಾರರಾದರೂ ಸಾಕು. ರಾಜ್ಯಗಳ ದನಿಯಾಗಬೇಕಾದ ಸಭೆಗೆ ಹೊರಗಿನವರನ್ನು ಕಳಿಸುವುದು ನನಗಂತೂ ಒಪ್ಪಿಗೆಯಿಲ್ಲ. ಹಳೆಯ ಷರತ್ತನ್ನು ಮತ್ತೆ ತರುವ ಬಗ್ಗೆ ನಮ್ಮ ಸಂಸದರು ಬಾಯಿ ಬಿಡಲಿ.

– ಒಬ್ಬ ಓದುಗ