ರೈಲು ನಕ್ಷೆಯಲ್ಲಿ ಗಾಡಿ ಬದಲಿಸುವ ಜಾಗ ಕಾಣಲಿ

ಮಾನ್ಯ ಸಂಪಾದಕರೇ,

ಮೆಟ್ರೊ ಮೂರನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ತಿಯಾದ ಮೇಲೆ ಮುಂಬೈ ರೈಲು ನಕ್ಷೆಗೆ ಇನ್ನೊಂದು ಬಣ್ಣದ ಗೆರೆ ಸೇರಿತು. ಆದರೆ ಊರಿಂದ ಹೊಸದಾಗಿ ಬಂದವರು ಗೆರೆಯ ಮೇಲೆ ದಾರಿ ತಪ್ಪುವುದು ಕಡಿಮೆ. ತಪ್ಪುವುದು ಒಂದು ಗೆರೆಯಿಂದ ಇನ್ನೊಂದಕ್ಕೆ ದಾಟುವಲ್ಲಿ. ನಕ್ಷೆ ಅಲ್ಲಿ ಒಂದು ಬಿಳಿ ಉಂಗುರ ಹಾಕಿ ಸುಮ್ಮನಾಗುತ್ತದೆ.

ಅಂಧೇರಿಯನ್ನೇ ನೋಡಿ. ದಹಿಸರ್ ಕಡೆಯಿಂದ 2ಎ ಮೆಟ್ರೊದಲ್ಲಿ ಬಂದರೆ ಕೊನೆಯ ನಿಲ್ದಾಣದ ಹೆಸರು ‘ಅಂಧೇರಿ ವೆಸ್ಟ್’. ಲೋಕಲ್ ಹಿಡಿಯಬೇಕಾದವರು ಅಂಧೇರಿ ಬಂತೆಂದು ಕೆಳಗಿಳಿದರೆ ಅಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ಪಕ್ಕದ ಡಿ.ಎನ್. ನಗರ ನಿಲ್ದಾಣಕ್ಕೆ ನಡೆದು, ಒಂದನೇ ಮಾರ್ಗದ ಗಾಡಿ ಹತ್ತಿ, ಆಜಾದ್ ನಗರ ಬಿಟ್ಟು ಮುಂದಿನ ಸ್ಟಾಪಿನಲ್ಲಿ ಇಳಿಯಬೇಕು. ಹೈವೇ ಬದಿಯಲ್ಲೂ ಇದೇ ತೊಡಕು. ಏಳನೇ ಮಾರ್ಗದ ‘ಗುಂದವಲಿ’, ಒಂದನೇ ಮಾರ್ಗದ ‘ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ’ ಎರಡೂ ಗಾಡಿ ಬದಲಿಸುವ ಒಂದೇ ಜಾಗ, ಹೆಸರು ಮಾತ್ರ ಬೇರೆ. ಹೆಸರು ಬದಲಿಸಲು ಆಗದಿದ್ದರೆ ನಕ್ಷೆಯಲ್ಲಾದರೂ ಎರಡನ್ನೂ ಒಂದೇ ಚೌಕಟ್ಟಿನೊಳಗೆ ಬರೆದು, ನಡುವೆ ನಡಿಗೆಯ ಗುರುತು ಹಾಕಿ, ಎಷ್ಟು ನಿಮಿಷ, ಎಸ್ಕಲೇಟರ್ ಇದೆಯೇ, ಲಿಫ್ಟ್ ಇದೆಯೇ ಎಂದು ತೋರಿಸಬೇಕು. ಬಣ್ಣವೊಂದನ್ನೇ ನಂಬುವುದೂ ತಪ್ಪು. ಒಂದನೇ ಮಾರ್ಗ ನೀಲಿ, ಮೂರನೆಯದು ಆ್ಯಕ್ವಾ. ಇವೆರಡೂ ಮರೋಳ್ ನಾಕಾದಲ್ಲಿ ಸಂಧಿಸುತ್ತವೆ. ಬಿಸಿಲಿಗೆ ಮಾಸಿದ ಬೋರ್ಡಿನಲ್ಲಿ ಯಾವುದು ಯಾವುದೆಂದು ಹೇಳುವುದು ಕಷ್ಟ. ಗೆರೆಯ ಎರಡೂ ತುದಿಯಲ್ಲಿ, ಪ್ರತಿ ಉಂಗುರದ ಪಕ್ಕದಲ್ಲಿ ಮಾರ್ಗದ ಸಂಖ್ಯೆ ಇರಲೇಬೇಕು.

ಸಣ್ಣ ತಿದ್ದುಪಡಿಯಿಂದ ಎಷ್ಟು ಉಪಕಾರವಾಗುತ್ತದೆ ಎಂಬುದಕ್ಕೆ ದಾದರ್ ಸಾಕ್ಷಿ. ಅಲ್ಲಿ ವೆಸ್ಟರ್ನ್ ರೈಲ್ವೆಯಲ್ಲೂ ಒಂದನೇ ಪ್ಲಾಟ್‌ಫಾರ್ಮ್, ಸೆಂಟ್ರಲ್ ರೈಲ್ವೆಯಲ್ಲೂ ಒಂದನೇ ಪ್ಲಾಟ್‌ಫಾರ್ಮ್ ಇತ್ತು. ಸೇತುವೆ ಮೇಲೆ ನಿಂತು ‘ಒಂದು ಎಲ್ಲಿ’ ಎಂದು ಕೇಳಿದರೆ ಎರಡು ಉತ್ತರ. 2023ರ ಡಿಸೆಂಬರ್ 9ರಿಂದ ವೆಸ್ಟರ್ನ್‌ನ 1ರಿಂದ 7 ಹಾಗೇ ಉಳಿದು, ಸೆಂಟ್ರಲ್‌ನವು 8ರಿಂದ 14 ಆದವು. ಅದಕ್ಕಾಗಿ ಹೊಸ ಹಳಿಯನ್ನೋ ಸೇತುವೆಯನ್ನೋ ಕಟ್ಟಬೇಕಾಗಲಿಲ್ಲ. ಸೇವಾ ವಿನ್ಯಾಸ ಎನ್ನುವುದು ಇದನ್ನೇ. ಪ್ರಯಾಣಿಕ ಇಡುವ ಹೆಜ್ಜೆಗಳನ್ನು, ಅಂದರೆ ಟಿಕೆಟ್, ಮೆಟ್ಟಿಲು, ಇಂಡಿಕೇಟರ್, ಪ್ಲಾಟ್‌ಫಾರ್ಮ್, ಡಬ್ಬಿಯ ಬಾಗಿಲು, ಒಂದು ಸಾಲಿನಲ್ಲಿ ಬರೆದು, ಪ್ರತಿಯೊಂದರ ಕೆಳಗೆ ಅದರ ಹೊಣೆ ಯಾರದೆಂದು ಬರೆಯಬೇಕು. ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಕಡೆಯಲ್ಲೇ ಬೋರ್ಡು ಕಾಣೆಯಾಗಿರುತ್ತದೆ.

ನಕ್ಷೆ ಬರೀ ಚಿತ್ರವಲ್ಲ, ಜನರನ್ನು ನಡೆಸುತ್ತದೆ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಅಚ್ಚಾದ ಲಂಡನ್ ಭೂಗತ ರೈಲು ನಕ್ಷೆಯ ಮಾದರಿಯೇ ಇಂದಿಗೂ ಅಲ್ಲಿ ಬಳಕೆಯಲ್ಲಿದೆ. 2011ರಲ್ಲಿ ಪ್ರಕಟವಾದ ಝಾನ್ ಗುವೊ ಅವರ ಅಧ್ಯಯನದ ಪ್ರಕಾರ, ಅಲ್ಲಿನ ಪ್ರಯಾಣಿಕರು ದಾರಿ ಆರಿಸುವಾಗ ನಿಜವಾದ ಪ್ರಯಾಣದ ಸಮಯಕ್ಕಿಂತ ನಕ್ಷೆಯ ಮೇಲಿನ ದೂರದ ಪ್ರಭಾವ ಸುಮಾರು ಎರಡು ಪಟ್ಟು. ಹಾಗಿದ್ದ ಮೇಲೆ ನಮ್ಮ ವೆಸ್ಟರ್ನ್‌ನ ಪ್ರಭಾದೇವಿ ಮತ್ತು ಸೆಂಟ್ರಲ್‌ನ ಪರೇಲ್ ನಡುವೆ ಒಂದು ಚಿಕ್ಕ ಗೆರೆ ಎಳೆಯುವ ಮೊದಲು ಅಲ್ಲಿನ ಸೇತುವೆ ಎಷ್ಟು ಅಗಲವಿದೆ, ಮಳೆ ಬಂದಾಗ ಜನ ಎಲ್ಲಿ ನಿಲ್ಲುತ್ತಾರೆ ಎಂದು ಹೋಗಿ ನೋಡಬೇಕು. ಅಂದು ಎಲ್ಫಿನ್‌ಸ್ಟನ್ ರೋಡ್ ಎಂದಿದ್ದ ಪ್ರಭಾದೇವಿ ಸ್ಟೇಷನ್ನಿನ ಮೆಟ್ಟಿಲ ಮೇಲೆ 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ನಡೆದ ಕಾಲ್ತುಳಿತವನ್ನು ಮರೆತು ಯಾರೂ ಆ ಗೆರೆ ಎಳೆಯಬಾರದು.

ಬೆಕ್ ತಮ್ಮ ನಕ್ಷೆಯಲ್ಲಿ ಲಂಡನ್ನಿನ ನಡುಭಾಗವನ್ನು ಹಿಗ್ಗಿಸಿದರು. ಮುಂಬೈಯಲ್ಲಿ ಹಿಗ್ಗಿಸಬೇಕಾದ್ದು ಕೋಟೆ (ಫೋರ್ಟ್) ಪ್ರದೇಶವಲ್ಲ, ಗಾಡಿ ಬದಲಿಸುವ ದಾದರ್, ಕುರ್ಲಾ, ಘಾಟ್ಕೋಪರ್, ಅಂಧೇರಿ ಸುತ್ತಿದ ಜಾಗ. ವಿರಾರ್, ಕಲ್ಯಾಣ್‌ಗಳಾಚೆಯ ಉದ್ದವನ್ನು ಮಡಿಸಿದರೆ ನಷ್ಟವಿಲ್ಲ.

ಇನ್ನು ನಮ್ಮವರ ವಿಷಯ. ಉಡುಪಿ, ಕುಂದಾಪುರದಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬಂದವರು ಇಳಿಯುವ ಲೋಕಮಾನ್ಯ ತಿಲಕ್ ಟರ್ಮಿನಸ್ ಲೋಕಲ್ ಸ್ಟೇಷನ್ ಅಲ್ಲ. ಹಾಗಾಗಿ ಎಷ್ಟೋ ಲೋಕಲ್ ನಕ್ಷೆಗಳಲ್ಲಿ ಅದಕ್ಕೊಂದು ಚುಕ್ಕಿಯೂ ಇರುವುದಿಲ್ಲ. ಹತ್ತಿರದ ತಿಲಕ್ ನಗರದಿಂದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಯ ಹಾರ್ಬರ್ ಮಾರ್ಗದ ಲೋಕಲ್ ಗಾಡಿ ಹತ್ತಿದರೆ ಕುರ್ಲಾ, ಚುನಾಭಟ್ಟಿ, ಜಿಟಿಬಿ ನಗರ ಕಳೆದು ನಾಲ್ಕನೆಯದು ವಡಾಲಾ ರೋಡ್. ಅಲ್ಲಿ ಗೋರೆಗಾಂವ್ ಗಾಡಿಗೆ ಬದಲಿಸಿದರೆ ಬಾಂದ್ರಾ, ಅಂಧೇರಿ ಸಿಗುತ್ತವೆ. ಗಾಡಿಗಳು ಕಡಿಮೆ, ಕಾಯಬೇಕಾದೀತು. ಆದರೆ ಚೀಲ, ಮಕ್ಕಳನ್ನು ಕಟ್ಟಿಕೊಂಡು ದಾದರ್ ಸೇತುವೆ ಹತ್ತುವ ಕಷ್ಟ ತಪ್ಪುತ್ತದೆ.

ಈ ದಾರಿ ತೋರಿಸುವ ಒಂದು ಎ4 ಹಾಳೆಯ ಕನ್ನಡ ನಕ್ಷೆಯನ್ನು ಇಲ್ಲಿನ ಕನ್ನಡ ಸಂಘಗಳು ಅಚ್ಚು ಹಾಕಿಸಬೇಕೆಂದು ನಮ್ಮ ವಿನಂತಿ. ಬರೀ ಕನ್ನಡದಲ್ಲಿ ಬರೆದರೆ ಪ್ರಯೋಜನವಿಲ್ಲ. ಕಿಟಕಿಯಾಚೆ ಕಾಣುವ ಬೋರ್ಡು ದೇವನಾಗರಿ ಮತ್ತು ಇಂಗ್ಲಿಷ್‌ನಲ್ಲಿರುವುದರಿಂದ ಆ ಎರಡೂ ರೂಪ ಕನ್ನಡದ ಪಕ್ಕದಲ್ಲೇ ಇರಬೇಕು. ಅಕ್ಷರ 8 ಪಾಯಿಂಟ್‌ಗಿಂತ ಸಣ್ಣದಾದರೆ ಒತ್ತಕ್ಷರ ಕಲಸಿಹೋಗುತ್ತದೆ. ಹೆಸರುಗಳನ್ನು ಓರೆಯಾಗಿ ಬರೆಯಬೇಡಿ, ನಮ್ಮ ಮಾರ್ಗಗಳು ಹೆಚ್ಚಾಗಿ ಉತ್ತರ ದಕ್ಷಿಣವಾಗಿರುವುದರಿಂದ ಅಡ್ಡ ಬರೆಯಲು ಎರಡೂ ಪಕ್ಕ ಜಾಗವಿದೆ.

ಅಚ್ಚಿಗೆ ಮೊದಲು ಮುಂಬೈ ಗೊತ್ತಿಲ್ಲದ ಹತ್ತು ಜನರ ಕೈಗೆ ಕರಡು ಕೊಟ್ಟು ಐದು ಪ್ರಯಾಣ ಹುಡುಕಲು ಹೇಳಿ. ತಿಲಕ್ ನಗರದಿಂದ ಅಂಧೇರಿ, ಘಾಟ್ಕೋಪರ್‌ನಿಂದ ಕಫ್ ಪರೇಡ್, ಹೀಗೆ. ಗಡಿಯಾರ ಹಿಡಿದು, ಬೆರಳು ಎಲ್ಲಿ ತಡವರಿಸಿತು ಎಂದು ಗುರುತಿಸಿಕೊಳ್ಳಿ. ‘ಯಾವ ನಕ್ಷೆ ಚೆನ್ನಾಗಿದೆ’ ಎಂದು ಮಾತ್ರ ಕೇಳಬೇಡಿ. ನಕ್ಷೆಗಳ ಸಂಶೋಧಕ ಮ್ಯಾಕ್ಸ್‌ವೆಲ್ ರಾಬರ್ಟ್ಸ್ ಮತ್ತು ಸಂಗಡಿಗರು ಪ್ಯಾರಿಸ್ ಮೆಟ್ರೊ ನಕ್ಷೆಗಳನ್ನಿಟ್ಟು ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಜನ ಮೆಚ್ಚಿದ್ದಕ್ಕೂ ಬೇಗ ದಾರಿ ಹುಡುಕಿದ್ದಕ್ಕೂ ತಾಳೆಯಾಗಲಿಲ್ಲ.

— ಸಾರಿಗೆ ಮಾಹಿತಿ ವಿನ್ಯಾಸದಲ್ಲಿ ಕೆಲಸ ಮಾಡುವ ಓದುಗರು, ಮಾಟುಂಗ, ಮುಂಬೈ